ಗುಡ್ಡದ ಬೆಂಕಿ ಮತ್ತು ಊರಿನ ಪಡೆ

(ಸಕಲೇಶಪುರ – ಆಲೂರು ಭಾಗದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಹೊತ್ತು ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗು ಹೊತ್ತಿಕೊಂಡು ಸಿಡಿಯಿತು. ಬೆಂಕಿ ನಂದಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಅಂದು ಪ್ರಾಣ ತೆತ್ತರು. ಅವರ ಸ್ಮರಣೆಗಾಗಿ ಈ ಸಪ್ತಾಹ. ಶಾಲೆಗಳಿಗೆ ಕೆಂಪು ವಾಹನ ಬರುತ್ತದೆ, ನೀರು ಚಿಮ್ಮಿಸಿ ತೋರಿಸಲಾಗುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಆದರೆ ಈ ಸೀಮೆಯ ಮಟ್ಟಿಗೆ ಆ ಸಪ್ತಾಹ ತಡವಾಗಿ ಬರುತ್ತದೆ. ಏಪ್ರಿಲ್ ಮಧ್ಯದ ಹೊತ್ತಿಗೆ ಸಾಮಾನ್ಯವಾಗಿ ಕಾಫಿಗೆ ಹೂಮಳೆ ಬಿದ್ದು, ಗುಡ್ಡದ ಹುಲ್ಲು ಮತ್ತೆ ಹಸಿರಾಗತೊಡಗಿರುತ್ತದೆ. ಬೆಂಕಿ ತನ್ನ ಕೆಲಸವನ್ನು ಫೆಬ್ರುವರಿ, ಮಾರ್ಚಿಗಳಲ್ಲಿಯೇ ಮುಗಿಸಿರುತ್ತದೆ. ಇನ್ನೊಂದು ಮಾತು: ಸಕಲೇಶಪುರ ಪಟ್ಟಣದ ಠಾಣೆಯಿಂದ ಹೊರಟ ನೀರಿನ ವಾಹನ ರಸ್ತೆ ಇರುವಷ್ಟು ದೂರ ಮಾತ್ರ ಬರಬಲ್ಲದು. ಬಿಸಿಲೆಯ ಮೇಲಿನ ಗುಡ್ಡಗಳಿಗಾಗಲಿ, ಕಾಗಿನಹರೆಯ ಕಡೆಯ ಕಣಿವೆಗಳಿಗಾಗಲಿ ಅದು ಏರಲಾರದು. ರಸ್ತೆ ಮುಗಿದ ಮೇಲೆ ಯಾರು ಹೋಗಬೇಕು? ಇಂದಿನ ಉಪನ್ಯಾಸದ ವಿಷಯ ಈ ಒಂದು ಪ್ರಶ್ನೆ.

ಗುಡ್ಡದ ಬೆಂಕಿಯ ಸ್ವಭಾವ

ಈ ಭಾಗದಲ್ಲಿ ಮಳೆಗಾಲ ಎಷ್ಟು ಜೋರೋ ಬೇಸಿಗೆಯ ಒಣಗು ಅಷ್ಟೇ ತೀವ್ರ. ನಿತ್ಯಹರಿದ್ವರ್ಣದ ಶೋಲಾ ಕಾಡು ಕಣಿವೆಯ ಮಡಿಲಲ್ಲಿ ತೇವವನ್ನು ಹಿಡಿದುಕೊಂಡಿರುತ್ತದೆ. ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದರ ಮೇಲಿನ ಹುಲ್ಲುಗುಡ್ಡ ಮಾತ್ರ ಸಂಕ್ರಾಂತಿ ಕಳೆದೊಡನೆ ಒಣಹುಲ್ಲಿನ ಬಣವೆಯಂತಾಗುತ್ತದೆ. ಪೂರ್ವಕ್ಕೆ ಆಲೂರಿನ ಕಡೆಗೆ ಸರಿದಂತೆ ಎಲೆ ಉದುರುವ ಮರಗಳು ಹೆಚ್ಚುತ್ತವೆ. ಅಲ್ಲಿ ನೆಲದ ತುಂಬ ತರಗೆಲೆ, ಲಂಟಾನದ ಪೊದೆ. ಹುಲ್ಲಿನ ಬೆಂಕಿ ವರ್ಷ ವರ್ಷವೂ ಶೋಲಾದ ಅಂಚನ್ನು ನೆಕ್ಕುತ್ತ, ಅಲ್ಲಿನ ಎಳೆಯ ಸಸಿಗಳನ್ನು ಕೊಲ್ಲುತ್ತ, ಕಾಡನ್ನು ಗೇಣು ಗೇಣಾಗಿ ಹಿಂದಕ್ಕೆ ತಳ್ಳುತ್ತದೆ. ಇದು ಒಂದೇ ದಿನದಲ್ಲಿ ಕಣ್ಣಿಗೆ ಬೀಳುವ ನಷ್ಟವಲ್ಲ. ಒಂದು ತಲೆಮಾರು ಕಳೆದ ಮೇಲೆ ಒರತೆ ಬತ್ತಿದಾಗ ಅರಿವಿಗೆ ಬರುವ ನಷ್ಟ. ಹೇಮಾವತಿ ಪೂರ್ವಕ್ಕೆ ಹರಿದು ಗೊರೂರಿನ ಜಲಾಶಯ ಸೇರುತ್ತದೆ. ಎತ್ತಿನಹೊಳೆ, ಕೆಂಪುಹೊಳೆಗಳು ಪಶ್ಚಿಮಕ್ಕೆ ಇಳಿದು ನೇತ್ರಾವತಿಯನ್ನು ಕೂಡುತ್ತವೆ. ಎರಡು ದಿಕ್ಕಿನ ಜನರ ನೀರಿನ ಭಂಡಾರ ಈ ಗುಡ್ಡಗಳ ಮಣ್ಣಿನಲ್ಲಿದೆ.

ಇಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ಅಪರೂಪ. ಹೊಸ ಹುಲ್ಲು ಚಿಗುರಲೆಂದು ಇಟ್ಟ ಕಿಡಿ, ಬೇಟೆಗಾಗಿ ಇಟ್ಟ ಕಿಡಿ, ಎಸೆದ ಬೀಡಿ, ಪ್ರವಾಸಿಗಳು ಆರಿಸದೆ ಬಿಟ್ಟುಹೋದ ಒಲೆ, ತೋಟದ ಅಂಚಿನಲ್ಲಿ ಕಸ ಸುಡುವಾಗ ಗಾಳಿಗೆ ಹಾರಿದ ಕೆಂಡ, ಕೆಲವೊಮ್ಮೆ ಹಗೆತನ – ಮೂಲ ಯಾವುದೇ ಇರಲಿ, ಅದರ ಹಿಂದೆ ಮನುಷ್ಯನ ಕೈ ಇರುತ್ತದೆ.

ಹಕ್ಕಿಲ್ಲದ ಹೊಣೆ

ಹುಲ್ಲುಮೆದೆಗೋ ಹುಲ್ಲುಮಾಡಿನ ಮನೆಗೋ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿಬರುವುದಕ್ಕೆ ಹಳ್ಳಿಯಲ್ಲಿ ಯಾರಿಗೂ ಕರೆ ಕಳುಹಿಸಬೇಕಾಗಿರಲಿಲ್ಲ. ಗುಡ್ಡದ ಬೆಂಕಿಗೂ ಊರಿಗೂ ಇದ್ದ ಸಂಬಂಧ ಇದಕ್ಕಿಂತ ಸಂಕೀರ್ಣವಾದುದು. ಊರಿನ ದನಗಳು ಮೇಯುತ್ತಿದ್ದುದು ಅದೇ ಗುಡ್ಡದಲ್ಲಿ. ಒಣಹುಲ್ಲನ್ನು ಸುಟ್ಟು ಹೊಸ ಚಿಗುರು ಪಡೆಯುತ್ತಿದ್ದವರೂ ಅದೇ ಊರಿನವರು. ಬೆಂಕಿ ಇಡುವ ಕೈ, ಅದು ತೋಟ ಗದ್ದೆಗಳಿಗೆ ಇಳಿಯದಂತೆ ಕಾಯುವ ಕೈ ಎರಡೂ ಒಂದೇ ಸಮುದಾಯದ್ದಾಗಿದ್ದವು.

1864ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಸ್ಥಾಪನೆಯಾಯಿತು. 1900ರಲ್ಲಿ ಮೈಸೂರು ಅರಣ್ಯ ನಿಬಂಧನೆ ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1878ರ ಕಾಯ್ದೆ, ಅನಂತರ 1927ರ ಭಾರತೀಯ ಅರಣ್ಯ ಕಾಯ್ದೆ ಬಂದವು. 1927ರ ಕಾಯ್ದೆಯ ಎರಡು ವಿಧಿಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. 79ನೇ ವಿಧಿಯ ಪ್ರಕಾರ, ಕಾಯ್ದಿಟ್ಟ ಅರಣ್ಯದಲ್ಲಿ ಮೇವಿನ ಅಥವಾ ಉತ್ಪನ್ನದ ಹಕ್ಕು ಪಡೆದವರು, ಅಲ್ಲಿ ಕೂಲಿ ಮಾಡುವವರು, ಪಕ್ಕದ ಊರಿನಲ್ಲಿದ್ದು ಸರ್ಕಾರದ ವೇತನ ಪಡೆಯುವವರು – ಇವರೆಲ್ಲರೂ ಬೆಂಕಿಯ ಸುದ್ದಿ ತಿಳಿದೊಡನೆ ಅಧಿಕಾರಿಗೆ ಮುಟ್ಟಿಸಬೇಕು, ಕರೆಯಲಿ ಬಿಡಲಿ ಆರಿಸಲು ಮುಂದಾಗಬೇಕು. ತಪ್ಪಿದರೆ ಶಿಕ್ಷೆ. 26ನೇ ವಿಧಿಯ ಪ್ರಕಾರ, ಉದ್ದೇಶಪೂರ್ವಕವಾಗಿ ಅಥವಾ ಘೋರ ನಿರ್ಲಕ್ಷ್ಯದಿಂದ ಬೆಂಕಿ ಬಿದ್ದರೆ ಆ ಕಾಡಿನಲ್ಲಿನ ಮೇವಿನ ಹಕ್ಕನ್ನೂ ಉತ್ಪನ್ನದ ಹಕ್ಕನ್ನೂ ಸರ್ಕಾರ ಎಷ್ಟು ಕಾಲವಾದರೂ ತಡೆಹಿಡಿಯಬಹುದು. ಅಂದರೆ ಒಬ್ಬ ಇಟ್ಟ ಕಿಡಿಗೆ ಊರಿಗೆ ಊರೇ ಮೇವು ಕಳೆದುಕೊಳ್ಳಬೇಕು.

ಬೆಂಕಿ ಆರಿಸುವ ಕೆಲಸ ಊರಿನದೇ ಎಂದು ಕಾನೂನು ಒಪ್ಪಿತು. ಕಾಡು ಮಾತ್ರ ಊರಿನದಲ್ಲ ಎಂದಿತು. ಹೊಣೆ ಉಳಿಯಿತು, ಹಕ್ಕು ಹೋಯಿತು. ತನ್ನದಲ್ಲದ ಮನೆಯ ಬೆಂಕಿಯನ್ನು ದಂಡದ ಭಯಕ್ಕೆ ಆರಿಸುವವನು ಎಷ್ಟು ಮನಸ್ಸಿಟ್ಟು ಆರಿಸಿಯಾನು?

ಹಿಮಾಲಯದ ಕುಮಾವೂಂ ಬೆಟ್ಟಗಳಲ್ಲಿ ಈ ಪ್ರಶ್ನೆ ಸ್ಫೋಟದ ರೂಪ ತಾಳಿತು. ಅರಣ್ಯ ನಿರ್ಬಂಧಗಳಿಂದ ರೊಚ್ಚಿಗೆದ್ದ ಜನ 1921ರಲ್ಲಿ ಸರ್ಕಾರಿ ಪೈನ್ ಕಾಡುಗಳಿಗೆ ಬೆಂಕಿ ಹಚ್ಚಿದರು. ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಅದರ ಮುಂದುವರಿಕೆಯಾಗಿ 1931ರಲ್ಲಿ ‘ವನ ಪಂಚಾಯಿತಿ’ಗಳ ನಿಯಮಗಳು ರೂಪುಗೊಂಡವು. ಊರಿನ ಕಾಡನ್ನು ಊರೇ ಆರಿಸಿದ ಪಂಚಾಯಿತಿ ನೋಡಿಕೊಳ್ಳುವ ಆ ಏರ್ಪಾಡು ಉತ್ತರಾಖಂಡದಲ್ಲಿ ಇಂದಿಗೂ ಉಳಿದಿದೆ. ಹತ್ತು ಸಾವಿರಕ್ಕೂ ಹೆಚ್ಚು ವನ ಪಂಚಾಯಿತಿಗಳು ಅಲ್ಲಿವೆ. ಅವುಗಳಲ್ಲಿ ಸೊರಗಿದವೂ ಇವೆ, ಗಟ್ಟಿಯಾಗಿ ನಿಂತವೂ ಇವೆ. ಆದರೆ ಕಾಡು ಸುಟ್ಟ ಜನರ ಕೈಗೇ ಕಾಡಿನ ಕಾವಲು ಬಂದದ್ದು ಚರಿತ್ರೆಯ ದೊಡ್ಡ ಪಾಠ.

ಎರಡು ಇಲಾಖೆಗಳ ನಡುವಿನ ಊರು

ಸ್ವಾತಂತ್ರ್ಯಾನಂತರ ಈ ರಾಜ್ಯದಲ್ಲಿ ಒಂದರ ಬೆನ್ನಿಗೊಂದು ಎರಡು ಕಾಯ್ದೆಗಳು ಬಂದವು. 1963ರ ಅರಣ್ಯ ಕಾಯ್ದೆ ಕಾಡಿನ ಬೆಂಕಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿತು. 1964ರ ಅಗ್ನಿಶಾಮಕ ದಳದ ಕಾಯ್ದೆ ಮನೆ, ಅಂಗಡಿ, ಕಾರ್ಖಾನೆಗಳ ಬೆಂಕಿಗೆ ರಾಜ್ಯಮಟ್ಟದ ದಳವೊಂದನ್ನು ನಿಲ್ಲಿಸಿತು. ಒಂದು ಇಲಾಖೆಗೆ ಕಾಡಿದೆ, ದೊಡ್ಡ ವಾಹನಗಳಿಲ್ಲ. ಇನ್ನೊಂದಕ್ಕೆ ವಾಹನಗಳಿವೆ, ಅವು ಕಾಡಿಗೆ ಏರುವುದಿಲ್ಲ. ನಡುವೆ ಇರುವುದು ಊರು.

ಅರಣ್ಯ ಇಲಾಖೆ ಪ್ರತಿ ಬೇಸಿಗೆಗೆ ಮುನ್ನ ಬೆಂಕಿ ರೇಖೆಗಳನ್ನು ಕಡಿಸುತ್ತದೆ, ತಾತ್ಕಾಲಿಕವಾಗಿ ಬೆಂಕಿ ಕಾವಲುಗಾರರನ್ನು ನೇಮಿಸಿಕೊಳ್ಳುತ್ತದೆ. ಈ ಕಾವಲುಗಾರರಲ್ಲಿ ಬಹುಮಂದಿ ಇದೇ ಹಳ್ಳಿಗಳ ಬಡ ಕುಟುಂಬದವರು, ಗುಡ್ಡದ ಪ್ರತಿ ಕಾಲುದಾರಿಯನ್ನು ಬಲ್ಲವರು. ಊರಿನ ಹಳೆಯ ಹೊಣೆ ಈಗ ಕೆಲವೇ ಮಂದಿಯ ಮೂರು ತಿಂಗಳ ಕೂಲಿಯಾಗಿದೆ. ಉಳಿದವರು ಅಂಗಳದಲ್ಲಿ ನಿಂತು ಗುಡ್ಡದ ಮೇಲಿನ ಕೆಂಪು ಗೆರೆಯನ್ನು ನೋಡಿ, ‘ಫಾರೆಸ್ಟಿನವರು ಬರುತ್ತಾರೆ’ ಎಂದುಕೊಂಡು ಒಳಗೆ ಹೋಗುತ್ತಾರೆ.

ಇದನ್ನು ಸರಿಪಡಿಸುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 1993ರ ಸರ್ಕಾರಿ ಆದೇಶದಂತೆ ಜಂಟಿ ಅರಣ್ಯ ಯೋಜನೆಯಡಿ ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಕಾಡನ್ನು ಬೆಂಕಿಯಿಂದ ರಕ್ಷಿಸುವುದು ಅವುಗಳ ಕರ್ತವ್ಯಗಳಲ್ಲೊಂದು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದಿತು. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ವಿಧಿ ಇನ್ನೂ ಮುಂದೆ ಹೋಗಿ, ಹಕ್ಕುದಾರರಿಗೂ ಅವರ ಗ್ರಾಮಸಭೆಗೂ ಕಾಡು, ವನ್ಯಜೀವಿ, ಜಲಮೂಲಗಳನ್ನು ಕಾಪಾಡುವ ಅಧಿಕಾರವನ್ನೇ ನೀಡಿತು. 1927ರಲ್ಲಿ ಬರಿಯ ಹೊಣೆಯಾಗಿದ್ದುದು 2006ರಲ್ಲಿ ಕಾಗದದ ಮೇಲಾದರೂ ಹಕ್ಕಾಯಿತು. ಅದನ್ನು ಕಾಗದದಿಂದ ಗುಡ್ಡಕ್ಕೆ ಏರಿಸುವ ಕೆಲಸ ಬಾಕಿಯಿದೆ.

ಸ್ವಯಂಸೇವಕರ ಚರಿತ್ರೆ

ಸಂಬಳವಿಲ್ಲದ ಜನ ಕಟ್ಟಿದ ಅಗ್ನಿಶಾಮಕ ಪಡೆಗಳು ಲೋಕದಲ್ಲಿ ಹೊಸವೇನಲ್ಲ. 1736ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಅಂಥದೊಂದು ಕೂಟವನ್ನು ಆರಂಭಿಸಿದರು. ನಿಯಮಗಳು ಸರಳವಾಗಿದ್ದವು: ಪ್ರತಿ ಸದಸ್ಯನೂ ತೊಗಲಿನ ಬಕೆಟ್ಟುಗಳನ್ನೂ, ಸಾಮಾನು ಸಾಗಿಸಲು ಚೀಲ ಬುಟ್ಟಿಗಳನ್ನೂ ಸದಾ ಸಿದ್ಧವಾಗಿಟ್ಟಿರಬೇಕು, ತಿಂಗಳಿಗೊಮ್ಮೆ ಸಭೆ ಸೇರಬೇಕು, ತಪ್ಪಿಸಿಕೊಂಡವನು ದಂಡ ತೆರಬೇಕು. ಆ ದಂಡದ ಹಣದಿಂದಲೇ ಪಂಪು, ಏಣಿ, ಕೊಕ್ಕೆಗಳನ್ನು ಕೊಂಡರು. ಬೆಂಕಿ ಬಿದ್ದ ದಿನದ ಶೌರ್ಯಕ್ಕಿಂತ ಬೆಂಕಿಯಿಲ್ಲದ ದಿನದ ಶಿಸ್ತೇ ಆ ಕೂಟದ ಬಲವಾಗಿತ್ತು.

ದಕ್ಷಿಣ ಅಮೆರಿಕದ ಚಿಲಿ ದೇಶದ ವಾಲ್ಪರೈಸೊ ಎಂಬ ಬಂದರುಪಟ್ಟಣದಲ್ಲಿ 1851ರಲ್ಲಿ ಸ್ವಯಂಸೇವಕರ ದಳ ಆರಂಭವಾಯಿತು. ಇಂದಿಗೂ ಆ ದೇಶದ ಅಗ್ನಿಶಾಮಕ ಸೇವೆ ಬಹುತೇಕ ಸ್ವಯಂಸೇವಕರದೇ. ಮಲೆನಾಡಿನ ರೈತರಿಗೆ ಇನ್ನೂ ಹತ್ತಿರದ ಉದಾಹರಣೆ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ್ದು. 1939ರ ಜನವರಿಯಲ್ಲಿ ಅಲ್ಲಿನ ಕಾಡುಬೆಂಕಿಗೆ 71 ಮಂದಿ ಬಲಿಯಾದರು. ನ್ಯಾಯಾಧೀಶರೊಬ್ಬರ ನೇತೃತ್ವದ ವಿಚಾರಣೆ, ಬೆಂಕಿಯ ಹಿಂದೆ ಮನುಷ್ಯರ ಕೈಯೇ ಇತ್ತೆಂದು ಹೇಳಿತು. ಕೆಲವು ವರ್ಷಗಳ ಬಳಿಕ, 1945ರಲ್ಲಿ, ಚದುರಿಹೋಗಿದ್ದ ಹಳ್ಳಿ ಪಡೆಗಳನ್ನೆಲ್ಲ ಒಂದೇ ಪ್ರಾಧಿಕಾರದಡಿ ತರಲಾಯಿತು. ಕುರಿ ಸಾಕುವವರು, ಗೋಧಿ ಬೆಳೆಯುವವರು, ಶಿಕ್ಷಕರು, ಅಂಗಡಿಯವರು ಅದರ ಸದಸ್ಯರು. ಸಲಕರಣೆ ಮತ್ತು ತರಬೇತಿ ಸರ್ಕಾರದ ಹೊಣೆ.

ಅಲ್ಲಿಯೂ ಪಾಠ ಅಗ್ಗವಾಗಿ ಬರಲಿಲ್ಲ. 1998ರ ಡಿಸೆಂಬರ್ 2ರಂದು ಲಿಂಟನ್ ಎಂಬಲ್ಲಿ ಗಾಳಿ ಒಮ್ಮೆಲೇ ದಿಕ್ಕು ಬದಲಿಸಿದಾಗ ಐವರು ಸ್ವಯಂಸೇವಕರು ತಮ್ಮ ವಾಹನದೊಡನೆ ಬೆಂಕಿಗೆ ಸಿಲುಕಿ ಸತ್ತರು. ಅನಂತರ ಕನಿಷ್ಠ ತರಬೇತಿ ಪಡೆಯದ ಯಾರನ್ನೂ ಬೆಂಕಿಯ ಮುಂದಕ್ಕೆ ಕಳುಹಿಸಕೂಡದೆಂಬ ನಿಯಮ ಬಿಗಿಯಾಯಿತು.

ನೆರೆಯ ಕೇರಳದಲ್ಲಿ 2018 ಮತ್ತು 2019ರ ಪ್ರವಾಹಗಳ ಬಳಿಕ ಅಗ್ನಿಶಾಮಕ ಇಲಾಖೆಯೇ ಪ್ರತಿ ಠಾಣೆಗೆ 50 ಮಂದಿಯಂತೆ ಸ್ವಯಂಸೇವಕರನ್ನು ಆಯ್ದು ತರಬೇತಿ ನೀಡುವ ಯೋಜನೆಗೆ ತೊಡಗಿತು. ದೇಶಮಟ್ಟದಲ್ಲಿ 2016ರಲ್ಲಿ ‘ಆಪದ ಮಿತ್ರ’ ಯೋಜನೆ ಆರಂಭವಾಯಿತು. ದಾರಿ ಇಲ್ಲದೆ ಇಲ್ಲ. ಅದು ಗುಡ್ಡದ ಬುಡದ ಹಳ್ಳಿಯವರೆಗೆ ಬರಬೇಕು.

ಶೌರ್ಯ ಸಾಲದು

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಗಟ್ಟಿಯಾಗಿ ಹೇಳಬೇಕು. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಹುಲ್ಲಿನ ಬೆಂಕಿ ಚಾರಣಿಗರನ್ನು ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಕಾಡು ಸುಟ್ಟಾಗ ನೂರಾರು ಯುವಕರು ದೂರದ ನಗರಗಳಿಂದ ಧಾವಿಸಿ ಬಂದರು. ಅವರ ಪ್ರೀತಿ ದೊಡ್ಡದು; ಆದರೆ ತರಬೇತಿಯಿಲ್ಲದ, ನೆಲ ಗೊತ್ತಿಲ್ಲದ ಜನ ಬೆಂಕಿಯ ಮುಂದೆ ನಿಂತರೆ ಅವರನ್ನು ಕಾಯುವುದೇ ಸಿಬ್ಬಂದಿಗೆ ಇನ್ನೊಂದು ಕೆಲಸವಾಗುತ್ತದೆ.

2023ರ ಫೆಬ್ರುವರಿಯಲ್ಲಿ ಆ ದುರಂತ ಈ ತಾಲ್ಲೂಕಿಗೇ ಬಂದಿತು. ಸಕಲೇಶಪುರ ತಾಲ್ಲೂಕಿನ ಕಾಡುಮನೆ ಸಮೀಪದ ಗುಡ್ಡದಲ್ಲಿ ಹೊತ್ತಿದ ಬೆಂಕಿಯನ್ನು ಆರಿಸಲು ಹೋದ ಅರಣ್ಯ ಸಿಬ್ಬಂದಿ ಜ್ವಾಲೆಗೆ ಸಿಲುಕಿ ಸುಟ್ಟುಗಾಯಗೊಂಡರು. ಅವರಲ್ಲೊಬ್ಬ ಅರಣ್ಯ ರಕ್ಷಕರು ಬದುಕಿ ಬರಲಿಲ್ಲ. ಅನುದಿನವೂ ಕಾಡಿನಲ್ಲಿ ನಡೆಯುವವರಿಗೇ ಹೀಗಾಗುವುದಾದರೆ, ಕೈಯಲ್ಲೊಂದು ಸೊಪ್ಪಿನ ಕೊಂಬೆ ಹಿಡಿದು ಓಡುವ ಹುಡುಗನ ಗತಿಯೇನು? ಆ ಗುಡ್ಡಕ್ಕೆ ಕಿಡಿ ಬಿದ್ದ ಘಳಿಗೆಯಲ್ಲಿಯೇ ಅದನ್ನು ಕಂಡು ಸುದ್ದಿ ಮುಟ್ಟಿಸುವ ಕಣ್ಣುಗಳು ಪ್ರತಿ ಊರಿನಲ್ಲೂ ಇರಬೇಕೆಂಬುದು ಆ ಸಾವು ಬಿಟ್ಟುಹೋದ ಮಾತು.

ಊರಿನ ಪಡೆ ಹೇಗಿರಬೇಕು?

ಮೊದಲನೆಯದು ತಿಳಿವಳಿಕೆ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಆದುದರಿಂದ ಬೆಂಕಿಯ ಮೇಲ್ಭಾಗದಲ್ಲಿ ನಿಂತು ಅದನ್ನು ಎದುರಿಸಬಾರದು. ಕಿರಿದಾದ ಕಣಿವೆಯ ತಲೆಯಲ್ಲಿ ಎಂದಿಗೂ ನಿಲ್ಲಬಾರದು. ಹಿಂಬದಿಯಿಂದ, ಇಕ್ಕೆಲಗಳಿಂದ ಬಡಿಯುತ್ತ ಬರಬೇಕು. ಈಗಾಗಲೇ ಸುಟ್ಟು ತಣಿದ ನೆಲವೇ ಆಪತ್ತಿನಲ್ಲಿ ಆಸರೆ. ಅಲ್ಲಿಗೆ ಹಿಂದಿರುಗುವ ದಾರಿಯನ್ನು ಮೊದಲೇ ನೋಡಿಟ್ಟುಕೊಂಡಿರಬೇಕು. ಗಾಳಿಯ ಮೇಲೆ ಕಣ್ಣಿಡಲು ಎತ್ತರದ ಸುರಕ್ಷಿತ ಜಾಗದಲ್ಲಿ ಒಬ್ಬರಿರಬೇಕು. ಅವರ ಕೂಗಿಗೆ ಎಲ್ಲರೂ ತಕ್ಷಣ ಹಿಂದೆ ಸರಿಯಬೇಕು. ಮೈಮೇಲೆ ಹತ್ತಿಯ ಬಟ್ಟೆ ಇರಬೇಕು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಎದುರು ಬೆಂಕಿ ಕೊಡುವ ಉಪಾಯವನ್ನು ಪಳಗಿದ ಅರಣ್ಯ ಸಿಬ್ಬಂದಿಗೆ ಮಾತ್ರ ಬಿಡಬೇಕು.

ಎರಡನೆಯದು ಸಲಕರಣೆ. ದುಬಾರಿ ಯಂತ್ರಗಳು ಬೇಕಾಗಿಲ್ಲ. ಕತ್ತಿ, ಗುದ್ದಲಿ, ಉದ್ದ ಹಿಡಿಯ ಕುಂಟೆ, ಟಾರ್ಚು, ಕುಡಿಯುವ ನೀರು, ಗಟ್ಟಿ ಬೂಟು ಇದ್ದರೆ ಆರಂಭವಾಯಿತು. ಕಾಫಿ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಬೆನ್ನಿನ ಕ್ಯಾನುಗಳು ಬೇಸಿಗೆಯಲ್ಲಿ ಸುಮ್ಮನೆ ಕುಳಿತಿರುತ್ತವೆ. ಚೆನ್ನಾಗಿ ತೊಳೆದು ನೀರು ತುಂಬಿದರೆ, ಬಡಿದು ಆರಿಸಿದ ಅಂಚಿನಲ್ಲಿ ಉಳಿದ ಕೆಂಡಗಳನ್ನು ತಣಿಸಲು ಅವು ಸಾಕು. ಉರಿ ಆರಿದ ಮೇಲೂ ಬಿದ್ದ ಮರಗಳ ಪೊಟರೆಯಲ್ಲಿ ಕೊಳ್ಳಿ ಉಸಿರಾಡುತ್ತಿರುತ್ತದೆ. ಮರುದಿನ ಬೆಳಿಗ್ಗೆ ಹೋಗಿ ನೋಡದ ಪಡೆ ಅರ್ಧ ಕೆಲಸ ಮಾಡಿದ ಪಡೆ.

ಮೂರನೆಯದು ಸುದ್ದಿ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಉಪಗ್ರಹಗಳ ಮೂಲಕ ಕಾಡುಬೆಂಕಿಯನ್ನು ಗುರುತಿಸುತ್ತಿದೆ. ನೋಂದಾಯಿಸಿಕೊಂಡವರಿಗೆ ಮೊಬೈಲ್ ಸಂದೇಶ ಬರುತ್ತದೆ. ಆದರೆ ಉಪಗ್ರಹ ಹಾದುಹೋಗುವ ಹೊತ್ತಿಗೆ ಮಾತ್ರ ಅದಕ್ಕೆ ಕಾಣುತ್ತದೆ; ಸಂದೇಶ ಕೈಸೇರುವ ವೇಳೆಗೆ ಹುಲ್ಲುಗುಡ್ಡ ಕಪ್ಪಾಗಿರಬಹುದು. ಅಂಗಳದಲ್ಲಿ ನಿಂತ ಅಜ್ಜಿಯ ಕಣ್ಣು ಉಪಗ್ರಹಕ್ಕಿಂತ ಮೊದಲು ಹೊಗೆಯನ್ನು ಕಾಣುತ್ತದೆ. ಆಲೂರು, ಸಕಲೇಶಪುರ ಭಾಗದಲ್ಲಿ ಕಾಡಾನೆಗಳ ಚಲನವಲನದ ಸುದ್ದಿ ಮೊಬೈಲ್ ಮೂಲಕ ಮನೆಮನೆಗೆ ತಲುಪುವ ರೂಢಿ ಬೆಳೆದಿದೆ. ಅದೇ ಜಾಲದಲ್ಲಿ ಬೆಂಕಿಯ ಸುದ್ದಿಯೂ ಹರಿಯಬಹುದು. ಆನೆ ಎಲ್ಲಿದೆಯೆಂದು ತಿಳಿಯದೆ ಇರುಳಲ್ಲಿ ಗುಡ್ಡ ಹತ್ತುವುದು ಅಪಾಯವಾದ್ದರಿಂದ ಈ ಎರಡು ಸುದ್ದಿಗಳು ಜೊತೆಯಲ್ಲಿರುವುದೇ ಲೇಸು. ಸುದ್ದಿ ಮೊದಲು ವಲಯ ಅರಣ್ಯ ಕಚೇರಿಗೆ ಮುಟ್ಟಬೇಕು. ಅವರೊಡನೆ ಸೇರಿಯೇ ಪಡೆ ಹೊರಡಬೇಕು.

ನಾಲ್ಕನೆಯದು ಪಟ್ಟಿ. ಯಾರು ಗುಡ್ಡಕ್ಕೆ ಹೋಗುವವರು, ಯಾರು ಗಾಡಿ ಕೊಡುವವರು, ಯಾರು ನೀರು ಗಂಜಿ ಒಯ್ಯುವವರು, ಯಾರು ಫೋನಿನ ಬಳಿ ಕೂರುವವರು ಎಂಬುದನ್ನು ಸಂಕ್ರಾಂತಿಯೊಳಗೆ ಬರೆದು ಪಂಚಾಯಿತಿ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಅಂಟಿಸಬೇಕು. ಹದಿನೆಂಟು ತುಂಬದ ಮಕ್ಕಳನ್ನು ಬೆಂಕಿಯ ಬಳಿಗೆ ಬಿಡಕೂಡದು. ಅವರು ಊರಿನ ನಕ್ಷೆ ಬರೆಯಲಿ. ಕೆರೆ, ಒರತೆ, ಕಾಲುದಾರಿ, ಬೆಂಕಿ ರೇಖೆಗಳನ್ನು ಗುರುತಿಸಲಿ. ಯಾವ ದಿನ ಎಲ್ಲಿ ಬೆಂಕಿ ಬಿತ್ತೆಂಬ ದಾಖಲೆಯಿಡಲಿ. ಐದು ವರ್ಷಗಳ ಅಂಥ ದಾಖಲೆ ಊರಿಗೆ ಒಂದು ಸಂಪತ್ತು.

ಒಂದು ಆಕ್ಷೇಪ, ಒಂದು ಉತ್ತರ

ಸರ್ಕಾರ ಮಾಡಬೇಕಾದುದನ್ನು ಬಡ ಹಳ್ಳಿಗರ ತಲೆಗೆ ಕಟ್ಟುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಅದಕ್ಕಾಗಿಯೇ ಊರು ಪಡೆ ಕಟ್ಟುವಾಗ ಕೇಳಿ ಪಡೆಯಬೇಕಾದವು ಕೆಲವಿವೆ: ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆಗಳಿಂದ ವರ್ಷಕ್ಕೊಮ್ಮೆ ತರಬೇತಿ, ಪಡೆಯ ಪ್ರತಿಯೊಬ್ಬರಿಗೂ ವಿಮೆ, ಗಾಯಗೊಂಡರೆ ಚಿಕಿತ್ಸೆಯ ಹೊಣೆ, ಬೆಂಕಿ ಕಾವಲುಗಾರರಿಗೆ ಸಮಯಕ್ಕೆ ಸರಿಯಾದ ಕೂಲಿ, ಬೆಂಕಿ ರೇಖೆ ಎಲ್ಲಿ ಹೋಗಬೇಕೆಂಬ ನಿರ್ಧಾರದಲ್ಲಿ ಗ್ರಾಮಸಭೆಗೆ ಮಾತು. ಹೊಣೆಯೊಡನೆ ಹಕ್ಕೂ ಬರಬೇಕು. 1927ರ ತಪ್ಪು ಮರುಕಳಿಸಬಾರದು.

ಇನ್ನು ಉತ್ತರದ ಮುಖ್ಯ ಭಾಗ. ಊರಿನ ಪಡೆಯಿಂದಾಗುವ ದೊಡ್ಡ ಲಾಭ ಆರಿಸಿದ ಬೆಂಕಿಯಲ್ಲಿಲ್ಲ, ಹೊತ್ತದೆ ಹೋದ ಬೆಂಕಿಯಲ್ಲಿದೆ. ಆರಿಸಲು ಇಲಾಖೆಯವರು ಬರುತ್ತಾರೆಂದು ತಿಳಿದಾಗ ಕಿಡಿ ಇಡುವ ಕೈ ಅಳುಕುವುದಿಲ್ಲ. ಆರಿಸಲು ಹತ್ತಬೇಕಾದವನು ಪಕ್ಕದ ಮನೆಯ ಮಗ, ತನ್ನದೇ ಅಣ್ಣನ ಮಗ ಎಂದು ತಿಳಿದಾಗ ಆ ಕೈ ಒಂದು ಕ್ಷಣ ತಡೆಯುತ್ತದೆ. ಕಾನೂನಿನ ದಂಡಕ್ಕೆ ಸಾಧ್ಯವಾಗದ ಕೆಲಸವನ್ನು ನೆರೆಹೊರೆಯ ದಾಕ್ಷಿಣ್ಯ ಮಾಡುತ್ತದೆ. ಬೆಂಕಿ ಇಡುವ ಕೈಯೂ ಕಾಯುವ ಕೈಯೂ ಒಂದೇ ಊರಿನವಾಗಿದ್ದ ಕಾಲದ ವಿವೇಕವೂ ಇದೇ ಇದ್ದೀತು.

ಮುಂದಿನ ಸಂಕ್ರಾಂತಿಗೆ ಇನ್ನು ಬಹಳ ದಿನಗಳಿಲ್ಲ. ಈ ಸಭೆಯಿಂದ ಎದ್ದು ಹೋಗುವ ಪ್ರತಿ ಊರಿನ ಜನ ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಂಡು ಹನ್ನೆರಡು ಹೆಸರುಗಳನ್ನು ಬರೆಯಲಿ. ಬೆಂಕಿಯ ದಿನ ಯಾರು ಹೋಗಬೇಕೆಂಬ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲಿ.